ಮೊದಲು ಬಂದವರದೇ ನೆಲವೇ?

'ನೀವು ಮೂಲತಃ ಎಲ್ಲಿಯವರು?'

ಈ ಪ್ರಶ್ನೆಯನ್ನು ಕೇಳಿಸಿಕೊಳ್ಳದವರು ಕಡಿಮೆ. ಬಸ್ಸಿನಲ್ಲಿ ಪಕ್ಕ ಕುಳಿತವರು ಕೇಳುತ್ತಾರೆ, ಬಾಡಿಗೆ ಮನೆ ತೋರಿಸುವವರು ಕೇಳುತ್ತಾರೆ, ಮದುವೆ ಮಾತುಕತೆಗೆ ಬಂದ ಹಿರಿಯರು ಕೇಳುತ್ತಾರೆ. ಹೆಚ್ಚಿನ ಸಲ ಅದು ಪರಿಚಯ ಬೆಳೆಸುವ ಮಾತು. ಉತ್ತರ ಕೊಟ್ಟು ನಾವೂ ಅದನ್ನೇ ಅವರಿಗೆ ಕೇಳುತ್ತೇವೆ. ಆದರೆ 'ಮೂಲತಃ' ಎಂಬ ಶಬ್ದದ ಮೇಲೆ ಸ್ವಲ್ಪ ಒತ್ತು ಬಿದ್ದರೆ ಅದೇ ಪ್ರಶ್ನೆ ಬೇರೆಯದಾಗುತ್ತದೆ. ನೀನು ಆಮೇಲೆ ಬಂದವನು, ನಾನು ಮೊದಲೇ ಇದ್ದವನು, ಆದುದರಿಂದ ಇಲ್ಲಿ ನನ್ನ ಮಾತು ನಡೆಯಬೇಕು ಎಂಬ ಒಂದು ತೀರ್ಪು ಅದರೊಳಗೆ ಅಡಗಿರುತ್ತದೆ.

ಈ ತೀರ್ಪು ಸರಿಯೇ? ಮೊದಲು ಬಂದವರಿಗೆ ನೆಲದ ಮೇಲೆ ಹೆಚ್ಚಿನ ಹಕ್ಕು ಇದೆಯೇ? ನಮ್ಮ ಊರಿನ, ನಮ್ಮ ದೇಶದ ಉದಾಹರಣೆ ಇಟ್ಟುಕೊಂಡು ಈ ಪ್ರಶ್ನೆಯನ್ನು ಚರ್ಚಿಸಲು ಹೊರಟರೆ ಎರಡನೆಯ ವಾಕ್ಯಕ್ಕೇ ಜಗಳ ಶುರುವಾಗುತ್ತದೆ. ಆದುದರಿಂದ ನಮ್ಮಲ್ಲಿ ಯಾರಿಗೂ ಆಸ್ತಿ ಇಲ್ಲದ, ಯಾರ ಅಜ್ಜನ ಹೆಸರೂ ಬಾರದ ಒಂದು ಜಾಗಕ್ಕೆ ಹೋಗೋಣ. 'ಮೊದಲು ಬಂದವರು ಯಾರು' ಎಂಬ ಪ್ರಶ್ನೆಯನ್ನು ಅಲ್ಲಿ ಗುದ್ದಲಿ ಹಿಡಿದೇ ಕೇಳಿದ್ದಾರೆ, ಮಣ್ಣಿನಿಂದಲೇ ಉತ್ತರ ಪಡೆದಿದ್ದಾರೆ. ಅದು ಇಂಡೋನೇಷ್ಯಾದ ಪೂರ್ವ ಭಾಗದ ದ್ವೀಪಗಳು. ಸಾಕ್ಷಿ ಹೇಳುವುದು ಅಲ್ಲಿನ ಗುಹೆಗಳು.

ದೋಣಿ ಕೊಳೆಯಿತು, ಗುಹೆ ಉಳಿಯಿತು

ಹಿಮಯುಗದಲ್ಲಿ ಭೂಮಿಯ ನೀರಿನ ಬಹುದೊಡ್ಡ ಪಾಲು ಮಂಜುಗಡ್ಡೆಯಾಗಿ ಉತ್ತರ ಮತ್ತು ದಕ್ಷಿಣದ ತುದಿಗಳಲ್ಲಿ ಸಿಕ್ಕಿಕೊಂಡಿತ್ತು. ಸಮುದ್ರದ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿಳಿದ ಕಾಲವೂ ಇತ್ತು. ಆಗ ಸುಮಾತ್ರಾ, ಜಾವಾ, ಬೋರ್ನಿಯೊ, ಬಾಲಿ ಇವು ದ್ವೀಪಗಳಾಗಿರಲಿಲ್ಲ. ಏಷ್ಯಾ ಖಂಡಕ್ಕೆ ಅಂಟಿಕೊಂಡ ನೆಲವಾಗಿದ್ದವು. ಆ ಕಡೆ ನ್ಯೂಗಿನಿ, ಆಸ್ಟ್ರೇಲಿಯಾ, ಟಾಸ್ಮೇನಿಯಾ ಸೇರಿ ಒಂದೇ ಖಂಡವಾಗಿತ್ತು. ಮೊದಲನೆಯದನ್ನು ಸುಂದಾ ಎಂದೂ ಎರಡನೆಯದನ್ನು ಸಾಹುಲ್ ಎಂದೂ ವಿದ್ವಾಂಸರು ಕರೆಯುತ್ತಾರೆ. ಇವೆರಡರ ನಡುವೆ ಇರುವ ಸುಲವೇಸಿ, ಫ್ಲೋರೆಸ್, ತಿಮೋರ್ ಮುಂತಾದ ದ್ವೀಪಗಳು ಮಾತ್ರ ಸಮುದ್ರ ಎಷ್ಟೇ ಇಳಿದರೂ ಎರಡೂ ಖಂಡಗಳಿಗೆ ಸೇರಲಿಲ್ಲ. ನಡುವಿನ ಕಡಲು ಅಷ್ಟು ಆಳ. 19ನೆಯ ಶತಮಾನದಲ್ಲಿ ಇಲ್ಲಿ ತಿರುಗಾಡಿದ ಆಲ್‌ಫ್ರೆಡ್ ರಸೆಲ್ ವಾಲೇಸ್, ಹತ್ತಿರ ಹತ್ತಿರವೇ ಇರುವ ಬಾಲಿ ಮತ್ತು ಲೊಂಬೊಕ್ ದ್ವೀಪಗಳ ಹಕ್ಕಿಗಳು ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆಯಾಗಿರುವುದನ್ನು ಕಂಡು ಬೆರಗಾದರು. ಆ ಗಡಿಗೆ ಇಂದಿಗೂ ಅವರದೇ ಹೆಸರು. ಅವರ ಹೆಸರಿನಿಂದಲೇ ಈ ನಡುವಿನ ದ್ವೀಪಗಳನ್ನು ವಾಲೇಸಿಯಾ ಎನ್ನುತ್ತಾರೆ.

ಇದರ ಅರ್ಥ ಸರಳ. ವಾಲೇಸಿಯಾದ ಯಾವುದೇ ದ್ವೀಪದಲ್ಲಿ ಪ್ರಾಚೀನ ಮನುಷ್ಯನ ಒಂದು ಎಲುಬು ಸಿಕ್ಕಿತೆಂದರೆ, ಅವನೋ ಅವನ ಪೂರ್ವಜರೋ ಕಡಲು ದಾಟಿಯೇ ಅಲ್ಲಿಗೆ ಬಂದಿರಬೇಕು. ನಡೆದು ಬರಲು ದಾರಿಯಿಲ್ಲ. ಆ ಕಾಲದ ಒಂದೇ ಒಂದು ತೆಪ್ಪವಾಗಲಿ ದೋಣಿಯಾಗಲಿ ಇಂದು ಉಳಿದಿಲ್ಲ. ಬಿದಿರು, ಮರ, ಬಳ್ಳಿಯ ಹಗ್ಗ ಆ ಸೆಕೆ-ಮಳೆಯಲ್ಲಿ ಎಷ್ಟು ದಿನ ಬಾಳಿಕೆ ಬಂದಾವು? ಅವರು ಇಳಿದ ಕಡಲ ತೀರವೂ ಇಂದಿಲ್ಲ; ಹಿಮ ಕರಗಿ ನೀರು ಏರಿದಾಗ ಅದು ಮುಳುಗಿಹೋಯಿತು. ಉಳಿದದ್ದು ಎತ್ತರದಲ್ಲಿದ್ದ ಸುಣ್ಣದ ಕಲ್ಲಿನ ಗುಹೆಗಳು ಮಾತ್ರ. ಸುಣ್ಣ ಎಲುಬನ್ನು ಕಾಪಾಡುತ್ತದೆ. ಗುಹೆಯ ನೆಲದ ಮೇಲೆ ಮಣ್ಣು ಪದರ ಪದರವಾಗಿ ಕೂರುತ್ತದೆ. ಒಲೆಯ ಇದ್ದಿಲು, ತಿಂದು ಬಿಸಾಡಿದ ಚಿಪ್ಪು, ಮುರಿದ ಕಲ್ಲಿನ ಚೂರು ಎಲ್ಲವೂ ತಮ್ಮ ತಮ್ಮ ಪದರದಲ್ಲಿ ಮಲಗಿರುತ್ತವೆ. ಪೂರ್ವ ತಿಮೋರಿನ ಜೆರಿಮಲಾಯಿ ಎಂಬ ಕಲ್ಲಾಸರೆಯಲ್ಲಿ ಸುಮಾರು 42,000 ವರ್ಷಗಳಷ್ಟು ಹಳೆಯ ಪದರದಲ್ಲಿ ಟ್ಯೂನಾದಂತಹ ಆಳಗಡಲಿನ ಮೀನುಗಳ ಮುಳ್ಳುಗಳು ಸಿಕ್ಕಿವೆ ಎಂದು ಸೂ ಓ'ಕಾನರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದರು. ದೋಣಿ ಸಿಗಲಿಲ್ಲ, ಆದರೆ ಕಡಲಿನ ವಿದ್ಯೆ ಬಲ್ಲವರು ಅಲ್ಲಿ ಊಟ ಮಾಡಿದ್ದರು ಎಂಬುದಕ್ಕೆ ಆ ಮುಳ್ಳುಗಳೇ ಸಾಕು.

ಇಲ್ಲಿ ಒಂದು ಎಚ್ಚರಿಕೆಯೂ ಇದೆ. 'ಗುಹಾವಾಸಿ ಮಾನವ' ಎಂದು ನಾವು ಶಾಲೆಯಲ್ಲಿ ಕಲಿತೆವು. ನಿಜವಾಗಿ ಮನುಷ್ಯರು ಹೆಚ್ಚಾಗಿ ಬದುಕಿದ್ದು ಬಯಲಿನಲ್ಲಿ, ಹೊಳೆ ದಂಡೆಯಲ್ಲಿ, ಕಡಲ ಕರೆಯಲ್ಲಿ. ಮಳೆಗೆ, ರಾತ್ರಿಗೆ, ಬೇಟೆಯ ದಿನಗಳಿಗೆ ಗುಹೆ. ಬಯಲಿನ ಗುರುತು ಅಳಿಯಿತು, ಗುಹೆಯ ಗುರುತು ಉಳಿಯಿತು. ಅದಕ್ಕೇ ಅವರೆಲ್ಲ ಗುಹೆಯವರಂತೆ ನಮಗೆ ಕಾಣುತ್ತಾರೆ. ದಾಖಲೆ ಉಳಿಯದವರು ಇರಲೇ ಇಲ್ಲ ಎಂದಲ್ಲ. ಯಾವ ಕಾಗದವೂ ಇಲ್ಲದೆ, ಯಾವ ಗುರುತೂ ಬಿಡದೆ ಬದುಕಿ ಸತ್ತವರೇ ಮನುಕುಲದಲ್ಲಿ ಹೆಚ್ಚು. 'ದಾಖಲೆ ತೋರಿಸು, ಆಗ ನೀನು ಇಲ್ಲಿಯವನೆಂದು ಒಪ್ಪುತ್ತೇನೆ' ಎನ್ನುವ ಮಾತನ್ನು ಆ ದ್ವೀಪಗಳ ಮೊದಲ ನಿವಾಸಿಗಳಿಗೆ ಹೇಳಿದ್ದರೆ ಬಹುತೇಕ ಎಲ್ಲರೂ ಸೋತುಹೋಗುತ್ತಿದ್ದರು.

ಮೊದಲಿಗನ ಹಿಂದೆ ಇನ್ನೊಬ್ಬ

ಈಗ ಮೂಲ ಪ್ರಶ್ನೆಗೆ ಬರೋಣ. ಈ ದ್ವೀಪಗಳಿಗೆ ಮೊದಲು ಬಂದವರು ಯಾರು?

ಫ್ಲೋರೆಸ್ ದ್ವೀಪದಲ್ಲಿ ಲಿಯಾಂಗ್ ಬುವಾ ಎಂಬ ವಿಶಾಲವಾದ ಗುಹೆಯಿದೆ. 1950ರ ದಶಕದಲ್ಲಿ ಅದನ್ನು ಮಕ್ಕಳ ಶಾಲೆಯಾಗಿ ಬಳಸುತ್ತಿದ್ದರು. ಮಕ್ಕಳು ಕುಳಿತ ನೆಲದ ಕೆಳಗೆ ಏನಿದೆಯೆಂದು ಅಂದು ಯಾರಿಗೆ ಗೊತ್ತಿತ್ತು? 2003ರ ಸೆಪ್ಟೆಂಬರಿನಲ್ಲಿ ಇಂಡೋನೇಷ್ಯಾ ಮತ್ತು ಆಸ್ಟ್ರೇಲಿಯಾದ ಪುರಾತತ್ವಜ್ಞರ ತಂಡ ಅಗೆಯುತ್ತಿದ್ದಾಗ ಸುಮಾರು ಆರು ಮೀಟರ್ ಆಳದಲ್ಲಿ ಒಂದು ಪುಟ್ಟ ಅಸ್ಥಿಪಂಜರ ಸಿಕ್ಕಿತು. ನೋಡಿದರೆ ಮಗುವಿನಂತೆ, ಹಲ್ಲು ನೋಡಿದರೆ ಪೂರ್ತಿ ಬೆಳೆದ ಹೆಂಗಸು. ಎತ್ತರ ಸುಮಾರು ಒಂದು ಮೀಟರ್. ಮೆದುಳಿನ ಗಾತ್ರ ನಮ್ಮದರ ಮೂರನೆಯ ಒಂದು ಭಾಗದಷ್ಟು. 2004ರಲ್ಲಿ ಇವಳ ಕುಲಕ್ಕೆ 'ಹೋಮೋ ಫ್ಲೋರೆಸಿಯೆನ್ಸಿಸ್' ಎಂಬ ಹೆಸರು ಬಂತು. ಅವಳು ನಮ್ಮ ಜಾತಿಯ ಮನುಷ್ಯಳಲ್ಲ; ಆದರೆ ಮನುಷ್ಯಳು. ಕಲ್ಲಿನ ಆಯುಧ ಬಳಸುವ ಕುಲದವಳು.

ಮೊದಲು ಈ ಎಲುಬುಗಳಿಗೆ 18,000 ವರ್ಷ ಎಂದರು. ಮುಂದೆ ಗುಹೆಯ ಪದರಗಳನ್ನು ಮತ್ತೆ ಪರಿಶೀಲಿಸಿದಾಗ ಹಳೆಯ ಮಣ್ಣು ಒಂದು ಕಡೆ ಕೊಚ್ಚಿಹೋಗಿ, ಆ ಜಾಗದಲ್ಲಿ ಹೊಸ ಮಣ್ಣು ತುಂಬಿಕೊಂಡಿದ್ದುದು ತಿಳಿಯಿತು. 2016ರಲ್ಲಿ ಅದೇ ತಂಡದವರು ಲೆಕ್ಕ ತಿದ್ದಿದರು: ಎಲುಬುಗಳು 60,000ದಿಂದ 1,00,000 ವರ್ಷ ಹಳೆಯವು, ಅವರ ಕಲ್ಲಿನ ಆಯುಧಗಳು ಸುಮಾರು 50,000 ವರ್ಷಗಳ ಹಿಂದಿನವರೆಗೂ ಇವೆ. ತಾವೇ ಜಗತ್ತಿಗೆ ಸಾರಿದ ಸಂಖ್ಯೆಯನ್ನು ತಾವೇ ತಪ್ಪೆಂದು ಒಪ್ಪಿಕೊಳ್ಳುವ ಈ ಗುಣವನ್ನು ನಾವು ಗಮನಿಸಬೇಕು. ಮೂಲದ ಬಗ್ಗೆ ಗಟ್ಟಿ ದನಿಯಲ್ಲಿ ಮಾತಾಡುವವರಲ್ಲಿ ಈ ಗುಣ ಕಾಣಸಿಗುವುದು ಅಪರೂಪ.

ಹಾಗಾದರೆ ಈ ಪುಟ್ಟ ಹೆಂಗಸಿನ ಕುಲವೇ ಮೊದಲಿಗರೇ? ಅದೇ ದ್ವೀಪದ ಮಾತಾ ಮೆಂಗೆ ಎಂಬ ಬಯಲಿನಲ್ಲಿ ಸುಮಾರು 7,00,000 ವರ್ಷ ಹಳೆಯ ದವಡೆ ಮತ್ತು ಹಲ್ಲುಗಳು ಸಿಕ್ಕ ಸುದ್ದಿ 2016ರಲ್ಲಿಯೇ ಬಂತು. ಅದಕ್ಕೂ ಹಿಂದೆ, ವೊಲೊ ಸೆಗೆ ಎಂಬಲ್ಲಿ ಸಿಕ್ಕ ಕಲ್ಲಿನ ಆಯುಧಗಳು ಕನಿಷ್ಠ 10 ಲಕ್ಷ ವರ್ಷ ಹಳೆಯವು. ಉತ್ತರಕ್ಕೆ ಸುಲವೇಸಿಯಲ್ಲಿ ಕಾಲಿಯೊ ಎಂಬ ಜಾಗದಲ್ಲಿ ಸಿಕ್ಕ ಆಯುಧಗಳಿಗೂ ಸರಿಸುಮಾರು ಅಷ್ಟೇ ವಯಸ್ಸು ಎಂದು 2025ರಲ್ಲಿ ತಿಳಿದುಬಂತು. ಇನ್ನೂ ಉತ್ತರಕ್ಕೆ, ಫಿಲಿಪ್ಪೀನ್ಸಿನ ಲೂಸೋನ್ ದ್ವೀಪದಲ್ಲಿ ಸುಮಾರು 7,00,000 ವರ್ಷಗಳ ಹಿಂದೆ ಯಾರೋ ಒಂದು ಖಡ್ಗಮೃಗವನ್ನು ಕಡಿದು ತಿಂದ ಗುರುತುಗಳಿವೆ. ಅದೇ ದ್ವೀಪದ ಕಲಾವೊ ಗುಹೆಯಲ್ಲಿ ಸಿಕ್ಕ ಎಲುಬು-ಹಲ್ಲುಗಳಿಗೆ 2019ರಲ್ಲಿ 'ಹೋಮೋ ಲುಸೊನೆನ್ಸಿಸ್' ಎಂಬ ಇನ್ನೊಂದು ಹೊಸ ಹೆಸರನ್ನೇ ಇಡಬೇಕಾಯಿತು.

ಒಂದೊಂದು ಸಲ ಅಗೆದಾಗಲೂ 'ಮೊದಲಿಗ' ಎರಡನೆಯವನಾಗುತ್ತಾನೆ. ಇನ್ನಷ್ಟು ಅಗೆದರೆ ಮೂರನೆಯವನು. ನೆಲದ ಮೇಲೆ ನಿಂತು 'ನಾನೇ ಮೊದಲು' ಎನ್ನುವವನು ತನ್ನ ಕಾಲ ಕೆಳಗೆ ಅಗೆಯದಿರುವುದೇ ಅವನಿಗೆ ಕ್ಷೇಮ. ಈ ದ್ವೀಪಗಳಲ್ಲಂತೂ ಅಗೆಯುತ್ತ ಹೋದರೆ ಕೊನೆಗೆ ಸಿಗುವ ಮೊದಲಿಗ ನಮ್ಮ ಕುಲದವನೇ ಅಲ್ಲ.

ಮನಸ್ಸಿಗೆ ಕಸಿವಿಸಿ ಮಾಡುವ ಇನ್ನೊಂದು ಸಂಗತಿಯೂ ಇದೆ. ಲಿಯಾಂಗ್ ಬುವಾದಲ್ಲಿ ಆ ಪುಟ್ಟ ಜನರ ಗುರುತು ಸುಮಾರು 50,000 ವರ್ಷಗಳ ಹಿಂದೆ ನಿಂತುಹೋಗುತ್ತದೆ. ಸುಮಾರು 46,000 ವರ್ಷಗಳ ಹಿಂದಿನಿಂದ ಆಯುಧಕ್ಕೆ ಆರಿಸಿಕೊಂಡ ಕಲ್ಲಿನ ಬಗೆಯೇ ಬದಲಾಗುತ್ತದೆ. ಅದು ನಮ್ಮಂತಹ ಮನುಷ್ಯರು ಬಂದದ್ದರ ಗುರುತಿರಬಹುದು ಎನ್ನುತ್ತಾರೆ. ಅವರನ್ನು ನಾವೇ ಇಲ್ಲವಾಗಿಸಿದೆವೇ? ಮಳೆ ಕಡಿಮೆಯಾಗಿ, ಬೇಟೆ ಸಿಗದೆ ಅವರು ಅಳಿದರು ಎಂಬ ವಾದವೂ ಇದೆ. ತೀರ್ಮಾನ ಯಾರ ಬಳಿಯೂ ಇಲ್ಲ. ಆದರೆ 'ನಮ್ಮ ಪೂರ್ವಜರು ಖಾಲಿ ನೆಲಕ್ಕೆ ಬಂದರು, ಯಾರ ಹಕ್ಕನ್ನೂ ಕಸಿಯಲಿಲ್ಲ' ಎಂದು ಎದೆ ತಟ್ಟಿ ಹೇಳುವ ಅವಕಾಶವನ್ನು ಆ ಗುಹೆ ಯಾರಿಗೂ ಕೊಡುವುದಿಲ್ಲ.

ಗೋಡೆಯ ಮೇಲಿನ ಕೈ

ಸುಲವೇಸಿಯ ದಕ್ಷಿಣದಲ್ಲಿ ಮಾರೊಸ್ ಮತ್ತು ಪಂಕೆಪ್ ಎಂಬ ಸೀಮೆಯಿದೆ. ಗದ್ದೆಗಳ ನಡುವಿನಿಂದ ಸುಣ್ಣದ ಕಲ್ಲಿನ ಗುಡ್ಡಗಳು ಗೋಡೆಯಂತೆ ನೆಟ್ಟಗೆ ಎದ್ದಿವೆ. ಅವುಗಳಲ್ಲಿ ನೂರಾರು ಗುಹೆಗಳು. ಗುಹೆಯ ಗೋಡೆಗಳ ಮೇಲೆ ಕೆಂಪು ಬಣ್ಣದ ಕೈಗಳು, ಕಾಡುಹಂದಿಗಳು. ಕೈಯನ್ನು ಗೋಡೆಗೆ ಒತ್ತಿ ಹಿಡಿದು ಅದರ ಸುತ್ತ ಬಣ್ಣ ಊದಿದ್ದಾರೆ. ಕೈ ತೆಗೆದ ಮೇಲೆ ಉಳಿದದ್ದು ಕೈಯ ಖಾಲಿ ಜಾಗ.

1950ರಲ್ಲಿ ಡಚ್ ವಿದ್ವಾಂಸರು ಇವನ್ನು ಲೋಕದ ಗಮನಕ್ಕೆ ತಂದರು. ಆದರೆ ಅವು ಹೆಚ್ಚೆಂದರೆ 10,000 ವರ್ಷ ಹಳೆಯವು ಎಂದು ಬಹಳ ಕಾಲ ನಂಬಲಾಗಿತ್ತು. ಈ ಸೆಕೆಯ ನಾಡಿನಲ್ಲಿ ಬಣ್ಣ ಅದಕ್ಕಿಂತ ಹೆಚ್ಚು ಕಾಲ ನಿಲ್ಲದು ಎಂಬುದು ಕಾರಣ. ಅದರ ಹಿಂದೆ ಹೇಳದೆ ಉಳಿದ ಇನ್ನೊಂದು ಕಾರಣವೂ ಇದ್ದಿರಬೇಕು: ಚಿತ್ರಕಲೆ ಹುಟ್ಟಿದ್ದು ಯುರೋಪಿನ ಗುಹೆಗಳಲ್ಲಿ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು.

ಆ ಬಣ್ಣದ ಮೇಲೆ ಸುಣ್ಣದ ನೀರು ಜಿನುಗಿ ಸಣ್ಣ ಗುಳ್ಳೆಗಳಂತೆ ಗಟ್ಟಿಯಾಗಿದೆ. ನೀರಿನೊಂದಿಗೆ ಯುರೇನಿಯಂ ಅತಿ ಸ್ವಲ್ಪವಾಗಿ ಬರುತ್ತದೆ. ಥೋರಿಯಂ ನೀರಿನಲ್ಲಿ ಕರಗದ ಕಾರಣ ಬಹುಮಟ್ಟಿಗೆ ಬರುವುದಿಲ್ಲ. ಕಾಲ ಕಳೆದಂತೆ ಆ ಯುರೇನಿಯಮ್ಮೇ ಗೊತ್ತಾದ ವೇಗದಲ್ಲಿ ಥೋರಿಯಂ ಆಗುತ್ತ ಹೋಗುತ್ತದೆ. ಎರಡರ ಪ್ರಮಾಣ ಅಳೆದರೆ ಸುಣ್ಣದ ಪದರದ ವಯಸ್ಸು ತಿಳಿಯುತ್ತದೆ. ಚಿತ್ರ ಅದರ ಅಡಿಯಲ್ಲಿದೆ, ಆದುದರಿಂದ ಚಿತ್ರಕ್ಕೆ ಕನಿಷ್ಠ ಅಷ್ಟಾದರೂ ವಯಸ್ಸಾಗಿರಬೇಕು. ಈ ವಿಧಾನದಿಂದ ಅಲ್ಲಿನ ಒಂದು ಕೈಗುರುತು ಕನಿಷ್ಠ 39,900 ವರ್ಷ ಹಳೆಯದು ಎಂದು 2014ರಲ್ಲಿ ತಿಳಿಯಿತು. 2021ರಲ್ಲಿ ಒಂದು ಹಂದಿಯ ಚಿತ್ರಕ್ಕೆ 45,500 ವರ್ಷ. 2024ರಲ್ಲಿ ಲೆಯಾಂಗ್ ಕರಂಪುವಾಂಗ್ ಗುಹೆಯ, ಹಂದಿಯ ಸುತ್ತ ಮೂರು ಮನುಷ್ಯಾಕೃತಿಗಳಿರುವ ಚಿತ್ರಕ್ಕೆ 51,200 ವರ್ಷ. ಯುರೋಪಿನ ಹೆಮ್ಮೆಯ ಶೊವೆ, ಲಾಸ್ಕೊ ಗುಹೆಗಳ ಚಿತ್ರಗಳಿಗಿಂತ ಇವು ಬಹಳ ಹಿಂದಿನವು. ಮೂಲದ ಬಗೆಗಿನ ಒಂದು ದೊಡ್ಡ ಜಂಬ ಹೀಗೆ ಒಂದು ಸುಣ್ಣದ ಗುಳ್ಳೆಗೆ ಸೋತಿತು.

ಹಾಗೆಂದು ಅದರ ಜಾಗದಲ್ಲಿ ಇನ್ನೊಂದು ಜಂಬವನ್ನು ಕೂರಿಸಬಹುದೇ? ಇಂದು ಆ ಗದ್ದೆಗಳಲ್ಲಿ ದುಡಿಯುವವರು ಬುಗಿಸ್ ಮತ್ತು ಮಕಾಸ್ಸರ್ ಜನ. ಅವರಾಡುವ ಭಾಷೆಗಳು ಕೆಲವೇ ಸಾವಿರ ವರ್ಷಗಳ ಹಿಂದೆ ತೈವಾನಿನ ಕಡೆಯಿಂದ ದೋಣಿಗಳಲ್ಲಿ ಹಬ್ಬಿದ ಭಾಷಾಕುಟುಂಬಕ್ಕೆ ಸೇರಿದವು. ಚಿತ್ರ ಬರೆದವರ ನೇರ ವಾರಸುದಾರರು ತಾವೇ ಎಂದು ಅವರು ಹೇಳುವುದು ಸುಲಭವಲ್ಲ. ಅದೇ ಸೀಮೆಯ ಲೆಯಾಂಗ್ ಪನ್ನಿಂಗೆ ಗುಹೆಯಲ್ಲಿ ಸುಮಾರು 7,200 ವರ್ಷಗಳ ಹಿಂದೆ ಹದಿಹರೆಯದ ಒಬ್ಬ ಹುಡುಗಿಯನ್ನು ಮಣ್ಣು ಮಾಡಿದ್ದರು. ಅವಳ ಡಿಎನ್‌ಎ ವಿಶ್ಲೇಷಣೆ 2021ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಅವಳು ಇಂದಿನ ಪಪುವಾ, ಆಸ್ಟ್ರೇಲಿಯಾದ ಮೂಲ ಜನರಿಗೆ ಹತ್ತಿರದವಳು. ಉಳಿದಂತೆ ಏಷ್ಯಾದ ಹಳೆಯ ಒಂದು ಕವಲಿನ ಗುರುತೂ ಅವಳಲ್ಲಿದೆ. ಸಾಲದೆಂಬಂತೆ, ಸೈಬೀರಿಯಾದ ಒಂದು ಗುಹೆಯಲ್ಲಿ ಸಿಕ್ಕ ಎಲುಬಿನಿಂದ ಹೆಸರು ಪಡೆದ ಡೆನಿಸೊವಾ ಎಂಬ ಇನ್ನೊಂದು ಮಾನವ ಕುಲದ ಅಂಶವೂ ಇದೆ. ಒಬ್ಬ ಹುಡುಗಿಯ ಎಲುಬಿನೊಳಗೆ ಇಷ್ಟು ಜನ! ಅವಳನ್ನು 'ನೀನು ಮೂಲತಃ ಎಲ್ಲಿಯವಳಮ್ಮಾ?' ಎಂದು ಕೇಳಿದರೆ ಅವಳು ಏನು ಹೇಳಿಯಾಳು? ಅಲ್ಲಿಯೇ ಗುಹೆಯ ಹೊರಗಿದ್ದ ತನ್ನ ತಾಯಿಯನ್ನು ತೋರಿಸಿಯಾಳು. ಅದೇ ಸರಿಯಾದ ಉತ್ತರ.

ಹಾಗಾದರೆ ಎಲ್ಲರೂ ವಲಸಿಗರೇ?

ಇಲ್ಲಿಗೆ ಲೇಖನ ಮುಗಿಸಿದರೆ ಸುಲಭವಾಗುತ್ತಿತ್ತು. ಎಲ್ಲರೂ ಎಲ್ಲಿಂದಲೋ ಬಂದವರೇ, ಮೊದಲಿಗ ಎಂಬವನೇ ಇಲ್ಲ, ಆದುದರಿಂದ ಜಗಳ ಬೇಡ ಎಂದು ಉಪದೇಶ ಮಾಡಿ ಏಳಬಹುದಿತ್ತು. ಆದರೆ ಈ ಸಿಹಿ ಮಾತಿನೊಳಗೆ ಒಂದು ವಿಷವೂ ಇದೆ. ಅದನ್ನು ತಿಳಿಯಲು ಕಡಲಿನ ಆಚೆ ದಡಕ್ಕೆ, ಸಾಹುಲ್‌ಗೆ, ಎಂದರೆ ಆಸ್ಟ್ರೇಲಿಯಾಕ್ಕೆ ಹೋಗಬೇಕು.

ಆಸ್ಟ್ರೇಲಿಯಾಕ್ಕೆ ಮನುಷ್ಯರು ಕಡಲು ದಾಟಿ ಬಂದದ್ದು ಯಾವಾಗ ಎಂಬ ಬಗ್ಗೆ ವಾದ ನಡೆದೇ ಇದೆ. ಉತ್ತರದ ಮಜೆದ್‌ಬೆಬೆ ಕಲ್ಲಾಸರೆಯ ಆಧಾರದ ಮೇಲೆ 65,000 ವರ್ಷ ಎಂದು 2017ರಲ್ಲಿ ಹೇಳಲಾಯಿತು. 50,000 ವರ್ಷದ ಆಸುಪಾಸು ಎನ್ನುವವರೂ ಇದ್ದಾರೆ. 1788ರಲ್ಲಿ ಬ್ರಿಟಿಷರು ಹಡಗುಗಳಲ್ಲಿ ಬಂದಿಳಿದು ನೆಲೆಯೂರಿದರು. ಇದು ಯಾರಿಗೂ ಸೇರದ ನೆಲ ಎಂಬಂತೆ ಅವರ ಕಾನೂನು ನಡೆದುಕೊಂಡಿತು. ಅಲ್ಲಿದ್ದವರು ಕಣ್ಣಿಗೆ ಕಾಣುತ್ತಿದ್ದರು, ಕಾನೂನಿಗೆ ಕಾಣಲಿಲ್ಲ. ಅವರ ನೆಲ ಹೋಯಿತು, ಮಕ್ಕಳನ್ನೂ ಕಿತ್ತುಕೊಂಡರು. ಇಂದು ಅವರ ಮೊಮ್ಮಕ್ಕಳು ನ್ಯಾಯ ಕೇಳಿದಾಗ ಕೆಲವರು ಏನೆನ್ನುತ್ತಾರೆ ಗೊತ್ತೇ? 'ನೀವೂ ಒಂದು ಕಾಲದಲ್ಲಿ ದೋಣಿಯಲ್ಲಿ ಬಂದವರೇ ಅಲ್ಲವೇ? ನಾವೂ ಬಂದೆವು. ಏನು ವ್ಯತ್ಯಾಸ?'

ವ್ಯತ್ಯಾಸವಿದೆ, ಅದೂ ಬಹಳ ದೊಡ್ಡದು. ಬರುವುದು ಬೇರೆ, ಇದ್ದವರನ್ನು ಒಕ್ಕಲೆಬ್ಬಿಸುವುದು ಬೇರೆ. 'ಎಲ್ಲರೂ ವಲಸಿಗರು' ಎಂಬ ಮಾತು ಬಲಹೀನನ ಬಾಯಲ್ಲಿ ರಕ್ಷಣೆ. ಬಲಾಢ್ಯನ ಬಾಯಲ್ಲಿ ಕಳ್ಳನ ಸಮರ್ಥನೆ. ಅದೇ ರೀತಿ 'ನಾವು ಮೊದಲಿಗರು' ಎಂಬ ಮಾತು ಕೂಡ. ನೆಲ ಕಳೆದುಕೊಂಡವನು ಅದನ್ನು ಹೇಳಿದರೆ ಅದು ಅಳಲು. ಅಧಿಕಾರ ಹಿಡಿದವನು ಹೇಳಿದರೆ ಬೆದರಿಕೆ. ಗುಹೆಯ ಸಾಕ್ಷಿ ಇಬ್ಬರಿಗೂ ಒಂದೇ. ಅದನ್ನು ಬಳಸುವ ಉದ್ದೇಶ ಬೇರೆ.

ಹಾಗಾದರೆ ಆಸ್ಟ್ರೇಲಿಯಾದ ಮೂಲ ಜನರ ಹಕ್ಕಿಗೆ ಆಧಾರ ಯಾವುದು? ಅವರು 65,000 ವರ್ಷಗಳ ಹಿಂದೆ ಬಂದರು ಎಂಬುದೇ? ನಾಳೆ ಯಾರೋ ಅದನ್ನು 50,000 ಎಂದು ತಿದ್ದಿದರೆ ಅವರ ಹಕ್ಕು 15,000 ವರ್ಷದಷ್ಟು ಕಡಿಮೆಯಾಗುತ್ತದೆಯೇ? ಇಲ್ಲವಲ್ಲ. ಈ ವಿಷಯದಲ್ಲಿ ಆಸ್ಟ್ರೇಲಿಯಾದ ಉಚ್ಚ ನ್ಯಾಯಪೀಠ 1992ರ ಜೂನ್ 3ರಂದು ಕೊಟ್ಟ ತೀರ್ಪು ನಮಗೆ ದಾರಿ ತೋರಿಸುತ್ತದೆ. ನ್ಯೂಗಿನಿ ಮತ್ತು ಆಸ್ಟ್ರೇಲಿಯಾದ ನಡುವೆ ಮೆರ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿಯ ಎಡ್ಡಿ ಮಾಬೊ ಮತ್ತು ಇತರ ನಾಲ್ವರು 1982ರಲ್ಲಿ ಹೂಡಿದ ದಾವೆ ಹತ್ತು ವರ್ಷ ನಡೆಯಿತು. ತೀರ್ಪು ಬರುವ ಐದು ತಿಂಗಳ ಮೊದಲು ಮಾಬೊ ತೀರಿಕೊಂಡರು. ಮೆರ್ ದ್ವೀಪದ ಜನರಿಗೆ ತಮ್ಮ ನೆಲದ ಮೇಲೆ ಹಕ್ಕಿದೆ ಎಂದು ಏಳು ನ್ಯಾಯಾಧೀಶರಲ್ಲಿ ಆರು ಮಂದಿ ಒಪ್ಪಿದರು. ಆ ತೀರ್ಪಿನ ತಿರುಳು ಏನು? ಆ ಜನ ಎಷ್ಟು ಸಾವಿರ ವರ್ಷಗಳ ಹಿಂದೆ ಬಂದರು ಎಂಬುದಲ್ಲ. ಬ್ರಿಟಿಷರು ಬಂದಾಗ ಅವರು ಅಲ್ಲಿದ್ದರು; ತಮ್ಮದೇ ಕಟ್ಟಲೆ, ಸಂಪ್ರದಾಯಗಳ ಪ್ರಕಾರ ಆ ನೆಲದೊಂದಿಗೆ ಬದುಕುತ್ತಿದ್ದರು; ಆ ಸಂಬಂಧ ಕಡಿದುಹೋಗದೆ ಉಳಿದಿದೆ ಎಂಬುದು. ತಮ್ಮ ತೋಟಗಳ ಗಡಿ ಎಲ್ಲಿಂದ ಎಲ್ಲಿಗೆ ಎಂದು ಅವರಿಗೆ ಗೊತ್ತಿತ್ತು. ಹಕ್ಕಿನ ಬೇರು ಆಗಮನದ ತಾರೀಖಿನಲ್ಲಿರಲಿಲ್ಲ, ಬಾಳಿನಲ್ಲಿತ್ತು.

ನಮ್ಮ ಬಸ್ಸುಗಳಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದುಂಟು. ಮೊದಲು ಟವೆಲ್ ಹಾಕಿದವನಿಗೆ ಸೀಟು. ಇದು ಒಂದು ನ್ಯಾಯವೇ, ಒಪ್ಪೋಣ. ಆದರೆ ಒಂದು ಟವೆಲಿಗೆ ಒಂದು ಸೀಟು. ಟವೆಲ್ ಹಾಕಿದವನು ಇಡೀ ಬಸ್ಸು ತನ್ನದೆನ್ನಬಹುದೇ? ಮುಂದಿನ ಊರಿನಲ್ಲಿ ಹತ್ತಿದವರನ್ನು ಇಳಿಸಬಹುದೇ? ಹಾಗೆಯೇ, ಆಮೇಲೆ ಹತ್ತಿದವನು ತೋಳ್ಬಲವಿದೆಯೆಂದು ಮೊದಲೇ ಕುಳಿತ ಮುದುಕಿಯನ್ನು ಎಬ್ಬಿಸಬಹುದೇ? ಎರಡೂ ಅನ್ಯಾಯ. ಮೊದಲು ಬಂದದ್ದಕ್ಕೆ ಬೆಲೆಯಿದೆ. ಅದು ಒಂದು ಪಾಲಿಗೆ ಆಧಾರವಾಗಬಹುದು, ಇತರರ ಪಾಲನ್ನು ಅಳಿಸುವುದಕ್ಕಲ್ಲ. ಬಂದವನು ಹೇಗೆ ಬಂದ, ಇದ್ದವರೊಂದಿಗೆ ಹೇಗೆ ಬಾಳಿದ, ಇದ್ದವನು ಬಂದವನನ್ನು ಹೇಗೆ ಬರಮಾಡಿಕೊಂಡ - ನೈತಿಕ ಪ್ರಶ್ನೆಗಳು ಇವು. 'ಯಾವಾಗ ಬಂದ' ಎಂಬುದು ಚರಿತ್ರೆಯ ಪ್ರಶ್ನೆ. ಒಂದರ ಉತ್ತರವನ್ನು ಇನ್ನೊಂದಕ್ಕೆ ಬರೆದರೆ ಲೆಕ್ಕ ತಪ್ಪುತ್ತದೆ. ಇನ್ನು ಒಂದು ನೆಲದಲ್ಲಿ ಹುಟ್ಟಿದ ಮಗುವಿದೆಯಲ್ಲ, ಅದು ಎಲ್ಲಿಂದಲೂ ಬಂದದ್ದಲ್ಲ. ಅದರ ಅಜ್ಜ ಬಂದಿರಬಹುದು. ಅಜ್ಜನ ಪಯಣದ ದಂಡವನ್ನು ಮೊಮ್ಮಗುವಿನಿಂದ ವಸೂಲಿ ಮಾಡುವ ಕಾನೂನು ಯಾವ ನ್ಯಾಯದ ಲೆಕ್ಕದಲ್ಲೂ ಇಲ್ಲ.

ಸಿಡಿಮದ್ದಿನ ಮುಂದೆ ಸಾಕ್ಷಿ

ಸಾಕ್ಷಿಗೂ ಸಾವಿದೆ. 2020ರ ಮೇ 24ರಂದು ಪಶ್ಚಿಮ ಆಸ್ಟ್ರೇಲಿಯಾದ ಜೂಕನ್ ಕಣಿವೆಯಲ್ಲಿ ರಿಯೊ ಟಿಂಟೊ ಎಂಬ ಗಣಿ ಕಂಪನಿ ಕಬ್ಬಿಣದ ಅದಿರಿಗಾಗಿ ಎರಡು ಕಲ್ಲಾಸರೆಗಳನ್ನು ಸಿಡಿಸಿತು. ಅಲ್ಲಿ ಮನುಷ್ಯರು 46,000 ವರ್ಷಗಳಿಂದ ಬಂದು ಹೋಗುತ್ತಿದ್ದ ಗುರುತುಗಳಿದ್ದವು. 4,000 ವರ್ಷಗಳ ಹಿಂದೆ ಮನುಷ್ಯರ ಕೂದಲಿನಿಂದ ಹೆಣೆದ ಒಂದು ಪಟ್ಟಿ ಅಲ್ಲಿ ಸಿಕ್ಕಿತ್ತು. ಅದರ ಡಿಎನ್‌ಎ ಇಂದು ಆ ನೆಲಕ್ಕೆ ಸೇರಿದ ಪುಟು ಕುಂಟಿ ಕುರ್ರಮ ಮತ್ತು ಪಿನಿಕುರ ಜನರ ಪೂರ್ವಜರದೆಂದು ತಿಳಿದಿತ್ತು. ಇಷ್ಟೆಲ್ಲ ತಿಳಿದ ಮೇಲೂ ಸಿಡಿಸಿದರು. ಅದಕ್ಕೆ 2013ರಲ್ಲಿಯೇ ಸರಕಾರದ ಅನುಮತಿ ಇತ್ತು. ಕಾನೂನು ಮುರಿಯಲಿಲ್ಲ, ಮುರಿದದ್ದು ನಂಬಿಕೆ. ಲೋಕವೆಲ್ಲ ಛೀಮಾರಿ ಹಾಕಿದ ಮೇಲೆ ಕಂಪನಿಯ ಮುಖ್ಯಸ್ಥರು ಹುದ್ದೆ ಬಿಡಬೇಕಾಯಿತು. ಸಂಸತ್ತಿನ ವಿಚಾರಣೆಯೂ ನಡೆಯಿತು. ಕಲ್ಲಾಸರೆ ಮಾತ್ರ ಮೊದಲಿನಂತಾಗಲಿಲ್ಲ.

ಮಾರೊಸ್-ಪಂಕೆಪಿನ ಸುಣ್ಣದ ಕಲ್ಲಿಗೂ ಸಿಮೆಂಟ್ ಮತ್ತು ಅಮೃತಶಿಲೆಯ ಗಣಿಗಳ ಕಣ್ಣು ಬಿದ್ದಿದೆ. ಅಲ್ಲಿನ ಗೋಡೆಗಳ ಮೇಲೆ ಉಪ್ಪಿನ ಹರಳು ಬೆಳೆದು, ಬಣ್ಣದ ಪದರ ಚಕ್ಕೆ ಚಕ್ಕೆಯಾಗಿ ಉದುರುತ್ತಿದೆ, ಹವಾಮಾನ ಬದಲಾವಣೆ ಅದನ್ನು ಹೆಚ್ಚಿಸುತ್ತಿದೆ ಎಂದು 2021ರ ಒಂದು ಅಧ್ಯಯನ ಎಚ್ಚರಿಸಿತು. 2023ರಲ್ಲಿ ಯುನೆಸ್ಕೊ ಆ ಸೀಮೆಯನ್ನು ಜಾಗತಿಕ ಭೂ ಉದ್ಯಾನವೆಂದು ಗುರುತಿಸಿತು. ಆದರೆ ಗುಹೆಯ ಬಾಗಿಲು ಕಾಯುವವರು, ಗೋಡೆ ಮುಟ್ಟಬೇಡಿ ಎಂದು ಬಂದವರಿಗೆ ಹೇಳುವವರು ಅಲ್ಲಿಯ ಸ್ಥಳೀಯ ಜನರೇ.

ಇವರನ್ನು ನೆನೆದಾಗ ನಮ್ಮ ಪ್ರಶ್ನೆಗೆ ಒಂದು ಉತ್ತರ ಸಿಕ್ಕಂತಾಗುತ್ತದೆ. ಆ ಗೋಡೆಯ ಮೇಲಿನ ಕೈ ಅವರ ಅಜ್ಜನದೆಂದು ಸಾಧಿಸಲು ಅವರ ಬಳಿ ವಂಶಾವಳಿ ಇಲ್ಲ. ಅವರ ಭಾಷೆ ಬೇರೆ, ಅವರ ನಂಬಿಕೆ ಬೇರೆ. ಆದರೂ ಕಾಯುತ್ತಾರೆ. 'ಅಮಾನತು' ಎಂಬ ಶಬ್ದವನ್ನು ನಾವು ಇತ್ತೀಚೆಗೆ ನೌಕರರನ್ನು ಕೆಲಸದಿಂದ ತಾತ್ಕಾಲಿಕವಾಗಿ ಇಳಿಸುವುದಕ್ಕೆ ಮಾತ್ರ ಬಳಸುತ್ತೇವೆ. ಅದರ ಹಳೆಯ ಅರ್ಥ ಬೇರೆಯೇ: ನಂಬಿ ಒಪ್ಪಿಸಿದ ವಸ್ತು, ಇಟ್ಟುಕೊಂಡವನು ಅದರ ಒಡೆಯನಲ್ಲ, ಕಾಯುವವನು, ಒಂದು ದಿನ ಲೆಕ್ಕ ಒಪ್ಪಿಸಬೇಕಾದವನು. ನೆಲ ನಮಗೆ ಬಂದದ್ದು ಹಾಗೆಯೇ. ನಮಗಿಂತ ಮೊದಲು ಯಾರೋ ಇದ್ದರು, ಅವರಿಗಿಂತ ಮೊದಲು ಇನ್ಯಾರೋ. ನಮ್ಮ ಆಮೇಲೂ ಬರುವವರಿದ್ದಾರೆ. ಅವರ ಮುಂದೆ ನಾವೂ 'ಹಿಂದೆ ಇದ್ದವರು' ಆಗುತ್ತೇವೆ.

ಆ ಗುಹೆಯ ಕೈಯನ್ನು ಇನ್ನೊಮ್ಮೆ ನೋಡೋಣ. ಅದು ಮುಷ್ಟಿಯಲ್ಲ, ಬೆರಳು ಬಿಡಿಸಿದ ಕೈ. ಅದನ್ನು ಒತ್ತಿದವರ ಮನಸ್ಸಿನಲ್ಲಿ ಏನಿತ್ತೋ ಹೇಳುವವರು ಯಾರೂ ಇಲ್ಲ. ಆದರೆ ಕೈಯನ್ನು ತೆಗೆದ ಮೇಲೆಯೇ ಆ ಚಿತ್ರ ಪೂರ್ಣವಾದದ್ದು. ಕೈ ಅಲ್ಲೇ ಇಟ್ಟುಕೊಂಡಿದ್ದರೆ ಗೋಡೆಯ ಮೇಲೆ ಏನೂ ಕಾಣುತ್ತಿರಲಿಲ್ಲ. 'ಇದು ನನ್ನದು' ಎಂದು ಹಿಡಿದುಕೊಂಡವರ ಗುರುತು ಅಲ್ಲಿ ಉಳಿದಿಲ್ಲ, 'ನಾನೂ ಇಲ್ಲಿದ್ದೆ' ಎಂದು ಹೇಳಿ ಹೊರಟವರದು ಉಳಿದಿದೆ.

ಮುಂದಿನ ಸಲ ಯಾರಾದರೂ ನಮ್ಮನ್ನು ಮೂಲತಃ ಎಲ್ಲಿಯವರೆಂದು ಕೇಳಿದರೆ ಊರಿನ ಹೆಸರು ಹೇಳೋಣ, ಸಂಕೋಚ ಬೇಡ. ನಾವು ಇನ್ನೊಬ್ಬರನ್ನು ಕೇಳುವಾಗ ಮಾತ್ರ ದನಿಯನ್ನು ಒಮ್ಮೆ ಪರೀಕ್ಷಿಸಿಕೊಳ್ಳೋಣ. ಪರಿಚಯಕ್ಕೆ ಕೇಳುತ್ತಿದ್ದೇವೆಯೇ, ಪಹರೆಗೆ ಕೇಳುತ್ತಿದ್ದೇವೆಯೇ ಎಂದು.